ಎದ್ದು ಹೋಗುವ ಅಮಲ್ದಾರ

ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಸುಳ್ಳಿದ್ದರೆ ಕೊಪ್ಪದಿಂದ ಶೃಂಗೇರಿಗೆ ಹೋಗುವ ಕೊನೆಯ ಬಸ್ಸು ಈ ಕಥೆ ಹೇಳುವವರನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಹೋಗಲಿ. ನಂಬಿಕೆ ಬಾರದಿದ್ದರೆ ಬಾಳಗಡಿಗೆ ಬಂದು ಯಾರನ್ನಾದರೂ ಕೇಳಬಹುದು, ಯೋಗೇಶನೊಬ್ಬನನ್ನು ಬಿಟ್ಟು.

ಯೋಗೇಶನದು ಬಾಳಗಡಿಯಲ್ಲಿ, ಕಾಲೇಜಿಗೆ ಹೋಗುವ ರಸ್ತೆಯ ಬದಿಗೆ, ಮಿಕ್ಸಿ, ಗ್ಯಾಸ್ ಒಲೆ, ಕುಕ್ಕರ್ ರಿಪೇರಿ ಮಾಡುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮಿಕ್ಸಿ ಕೊಟ್ಟವರು ಕಾಯಬೇಕು, ಕಾಯುವವರು ಕಥೆ ಕೇಳಬೇಕು. ಐವತ್ತರ ಹತ್ತಿರದ ಮನುಷ್ಯ; ಎಂಥ ಸುಳ್ಳು ಹೇಳುವಾಗಲೂ ಮುಖದ ಒಂದು ಗೆರೆ ಅಲುಗದು.

"ಹೋದ ವಾರ ಒಬ್ಳು ಹೆಂಗಸು ಮಿಕ್ಸಿ ತಂದಿದ್ಲು ಮಾರಾಯ. ಬಿಚ್ಚಿ ನೋಡಿದ್ರೆ ಒಳಗೆ ಜೇನುಗೂಡು! ತುಪ್ಪ ಸೀದಾ ಜಾರಿಗೇ ಇಳೀತಿತ್ತು. ನನ್ಹತ್ರ ಯಾಕೆ ತಂದಿದ್ದು ಗೊತ್ತನಾ? ಚಟ್ನಿ ಸಿಹಿ ಆಗ್ತದೆ, ಸರಿ ಮಾಡಿ ಅಂತ."

ಮೊದಲೆಲ್ಲ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ಕಾಯುವವರ ಕೈಯಲ್ಲಿ ಫೋನು. ಯೋಗೇಶ ಜೇನುಗೂಡಿನವರೆಗೆ ಬರುವಷ್ಟರಲ್ಲಿ ಅವರು ಇನ್ನೆಲ್ಲೋ ಹೋಗಿರುತ್ತಾರೆ. "ಹಾಂ? ಎಂತ ಅಂದ್ರಿ?" ಎಂದು ತಲೆ ಎತ್ತಿದರೆ ಅವನು "ಏನಿಲ್ಲ, ವಾಷರ್ ಹೋಗಿದೆ" ಎಂದು ಸುಮ್ಮನಾಗುತ್ತಾನೆ.

ಹಾಗಾಗಿ ಕಥೆಗೆ ಉಳಿದದ್ದು ಮನೆಯೇ. ಮನೆಯಲ್ಲಿ ನಾಲ್ಕು ಜನ ಮತ್ತು ಅಮಲ್ದಾರ. ಅವನ ತಾಯಿ ಗುಡ್ಡಮ್ಮ ದಿನವಿಡೀ ಎಲೆಅಡಿಕೆ ಜಗಿದುಕೊಂಡು ಮನೆಯ ಮೇಲೆ ಒಂದು ಕಣ್ಣಿಟ್ಟಿರುವವಳು. ಹೆಂಡತಿ ಮಾಲತಿಗೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ. ನೂರಾರು ಮಕ್ಕಳಿಗೆ ಸಾರು ಕಾಯಿಸಿ ಬಂದು ಮತ್ತೆ ಮನೆಯ ಸಾರು ಕಾಯಿಸುವವಳು. ಮಗಳು ಅಂಬಿಕಾ ಬಿ.ಕಾಂ. ಮುಗಿಸಿ ಕೊಪ್ಪದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುತ್ತಾಳೆ.

ಅಮಲ್ದಾರ ಎಂದರೆ ಬೆಕ್ಕು. ಬೂದಿ ಬಣ್ಣದ ಗಂಡು, ನಾಲ್ಕು ಕಾಲಿಗೂ ಬಿಳಿ ಸಾಕ್ಸು ಹಾಕಿದ ಹಾಗೆ. ಎಡಗಿವಿಯ ತುದಿ ಯಾವುದೋ ಹಳೆಯ ಜಗಳದಲ್ಲಿ ಹೋಗಿದೆ. ಬಾಯಿ ಮುಚ್ಚಿದರೂ ಒಂದು ಹಲ್ಲು ಹೊರಗೇ ಇರುತ್ತದೆ. ಅಂಬಿಕಾ ಎರಡನೇ ಕ್ಲಾಸಿನಲ್ಲಿದ್ದಾಗ ಸ್ಕೂಲ್ ಬ್ಯಾಗಿನಲ್ಲಿ ತುಂಬಿಕೊಂಡು ತಂದ ಮರಿ; ಈಗ ಅವಳಿಗೇ ಮದುವೆಯ ವಯಸ್ಸು. ಹೆಸರಿಟ್ಟವಳು ಗುಡ್ಡಮ್ಮ.

"ಅಂಗೈಯಷ್ಟು ಇದ್ದ. ಬಂದವನೇ ಮನೆ ಒಂದು ಸುತ್ತು ಹಾಕಿ, ಮೂಲೆ ಮೂಲೆ ಮೂಸಿ, ಯಾವುದೂ ಸರಿ ಇಲ್ಲ ಅನ್ನೋ ಹಂಗೆ ನನ್ನ ಮುಖ ನೋಡಿದ. ಥೇಟ್ ಅಮಲ್ದಾರ್ರೇ ಸೈ."

ಆವತ್ತಿನಿಂದ ಆ ತಪಾಸಣೆ ತಪ್ಪಿರಲಿಲ್ಲ. ಬೆಳಿಗ್ಗೆ ಬಚ್ಚಲ ಒಲೆಯ ಬಿಸಿ ಬೂದಿಯಿಂದ ಏಳುವನು. ಗುಲಾಮ್ ಹುಸೇನ್ ಮೊಪೆಡ್ ಮೇಲೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಬಂದು ರಸ್ತೆಯ ತಿರುವಿನಲ್ಲಿ ರಬ್ಬರಿನ ಹಾರನ್ "ಪೊಂಯ್" ಎನ್ನಿಸಿದರೆ ಸಾಕು, ಎರಡನೇ "ಪೊಂಯ್" ಕೇಳುವುದರೊಳಗೆ ಗೇಟಿನ ಕಂಬದ ಮೇಲೆ ಹಾಜರು. ಹುಸೇನ್ ಒಂದು ಬೂತಾಯಿ ಮೀನು ಇಟ್ಟು "ಸಲಾಂ ಅಮಲ್ದಾರ್ರೆ" ಎಂದರೆ ತಿನ್ನುವುದು, ಅನ್ನದಿದ್ದರೆ ಮೂಸಿಯೂ ನೋಡುವುದಿಲ್ಲ. ಆಮೇಲೆ ಅಂಗಡಿಯ ತಪಾಸಣೆ. ಬಿಚ್ಚಿಟ್ಟ ಮಿಕ್ಸಿಗಳನ್ನೆಲ್ಲ ಮೂಸಿ ಒಂದರ ಮೇಲೆ ಕೂರುವನು. ಯಾವುದರ ಮೇಲೆ ಕೂತನೋ ಅದು ಆವತ್ತು ರಿಪೇರಿಯಾಗದು. ಕುಕ್ಕರಿನ ವಿಷಲ್ ಪರೀಕ್ಷೆ ಮಾಡುವಾಗ ಮಾತ್ರ ಕಚೇರಿ ಬಿಟ್ಟು ಓಡಿ ಗುಡ್ಡಮ್ಮನ ಮಂಚದ ಅಡಿ ಸೇರುವನು.

ಬಟ್ಟಲಲ್ಲಿಟ್ಟ ನೀರು ಮುಟ್ಟನು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಬಕೆಟ್ಟಿನದೇ ಆಗಬೇಕು. ಇನ್ನೊಂದು ವಿಶೇಷ: ಒಬ್ಬನೇ ಉಣ್ಣುತ್ತಿರಲಿಲ್ಲ. ಅನ್ನ ಹಾಕಿ ಹೋದರೆ ಬಟ್ಟಲ ಮುಂದೆ ಕೂತು ಕಾಯುತ್ತಿದ್ದ. ಯಾರಾದರೂ ಬಂದು ಪಕ್ಕದಲ್ಲಿ ಕೂತ ಮೇಲೆಯೇ ಬಾಯಿ ಹಾಕುವುದು. ಮಧ್ಯೆ ಎದ್ದರೆ ಅವನೂ ಬಿಟ್ಟು ಎದ್ದ.

ಸಂಜೆಯ ಕೆಲಸ ಮಾತ್ರ ಊರಿಗೇ ಗೊತ್ತಿರುವುದು. ಅಂಗಡಿ ಮುಚ್ಚಿ ಯೋಗೇಶ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದ. ಪಕ್ಕದಲ್ಲಿ ಮಡಚಿದ ಗೋಣಿಯ ಮೇಲೆ ಅಮಲ್ದಾರ. ಯೋಗೇಶ ಆ ದಿನದ ಸುದ್ದಿ ಹೇಳುವನು. ಬೆಕ್ಕು ಕಣ್ಣು ಅರ್ಧ ಮುಚ್ಚಿ ಕೇಳುವುದು. ಸುದ್ದಿ ಸುದ್ದಿಯಾಗಿ ಇರುವವರೆಗೆ ಕೂತಿರುವುದು. ಎಲ್ಲಿ ಸುಳ್ಳು ಶುರುವಾಯಿತೋ ಅಲ್ಲಿಗೆ ಏಳುವುದು. ಮುಂಗಾಲು ಚಾಚಿ, ಬೆನ್ನು ಬಿಲ್ಲು ಮಾಡಿ, ಬಾಲ ನೆಟ್ಟಗೆ ನಿಲ್ಲಿಸಿ, ಹಿಂದೆ ತಿರುಗಿ ನೋಡದೆ ಹೋಗುವುದು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ.

"ಅಕೊ, ಎದ್ದ!" ಎಂದು ಗುಡ್ಡಮ್ಮ ಒಳಗಿನಿಂದ ಕೂಗುವಳು. "ಇಲ್ಲಿಂದ ಮುಂದೆ ಸುಳ್ಳು. ಮಾಲತೀ, ತಟ್ಟೆ ಹಾಕು."

ಮನೆಯವರು ಇದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ ಇದು ಬೇರೆ ಮನೆಗಳಲ್ಲಿ ಇಲ್ಲ ಎನ್ನುವುದೇ ಮರೆತುಹೋಗಿತ್ತು. ತೊಂದರೆ ಆದದ್ದೇ ಅಲ್ಲಿ.

ದೀಪಾವಳಿ ಕಳೆದ ಮೇಲೆ ನರಸಿಂಹರಾಜಪುರದಿಂದ ಅಂಬಿಕಾಳನ್ನು ನೋಡಲು ಬಂದರು. ಹುಡುಗನ ಅಪ್ಪ ರೇಣುಕಪ್ಪನಿಗೆ ಅಲ್ಲಿ ಹಿಟ್ಟಿನ ಗಿರಣಿ. ತಾಯಿ ಭಾಗ್ಯಮ್ಮ ಎಣಿಸಿ ಮಾತಾಡುವ ಹೆಂಗಸು. ಹುಡುಗ ಸಂತೋಷ ಕರೆಂಟಿನ ಲೈನ್‌ಮನ್. ಮಾಲತಿ ಶಾಲೆಗೆ ರಜೆ ಹಾಕಿ ಕೇಸರಿಬಾತು ಮಾಡಿದ್ದಳು. ಎಲ್ಲವೂ ಸರಿಯಾಗಿಯೇ ನಡೆದಿತ್ತು. ಭಾಗ್ಯಮ್ಮ ತಟ್ಟೆ ಕೈಗೆ ತೆಗೆದುಕೊಳ್ಳುತ್ತಾ ಕೇಳಿದಳು:

"ಮನೆ ಕೆಲಸ ಎಲ್ಲಾ ಬರ್ತದೋ ಹುಡುಗಿಗೆ?"

"ಬರ್ತದೋ ಅಂದ್ರೆ?" ಎಂದ ಯೋಗೇಶ. ಮಾಲತಿ ಅಡುಗೆಮನೆಯ ಬಾಗಿಲಿಂದ ಕಣ್ಣಲ್ಲೇ ಬೇಡವೆಂದಳು. ಅವನು ನೋಡಲಿಲ್ಲ. "ಹೋದ ಬೇಸಿಗೇಲಿ ಹಿಂಗೇ ನೆಂಟರು ಬಂದಾಗ ಗ್ಯಾಸ್ ಖಾಲಿ. ಇವಳು ಎಂತ ಮಾಡಿದ್ಲು ಗೊತ್ತುಂಟಾ? ಏಣಿ ಹಾಕಿ ತಗಡಿನ ಮಾಡಿನ ಮೇಲೆ ಹತ್ತಿ, ಬಿಸಿಲಲ್ಲೇ ಅಷ್ಟೂ ಜನಕ್ಕೆ ದೋಸೆ ಹೊಯ್ದು ಕೆಳಗೆ ಎಸೆದ್ಲು. ನಾವು ತಟ್ಟೆ ಹಿಡ್ಕೊಂಡು ನಿಂತಿದ್ವಿ."

ಕಿಟಕಿಯ ಮೇಲೆ ಕೂತಿದ್ದ ಅಮಲ್ದಾರ ಮುಂಗಾಲು ಚಾಚಿದ. ಬೆನ್ನು ಬಿಲ್ಲು ಮಾಡಿದ. ಬಾಲ ಎತ್ತಿಕೊಂಡು ಭಾಗ್ಯಮ್ಮನ ಕಾಲಿನ ಮುಂದೆಯೇ ಹಾದು ಹೊರಗೆ ಹೋದ.

"ಅಕೊ, ಎದ್ದ!" ಎಂದಳು ಗುಡ್ಡಮ್ಮ, ಅಭ್ಯಾಸದಂತೆ. ಅಂಬಿಕಾ ಕಾಫಿ ತಟ್ಟೆ ಹಿಡಿದವಳು ಕಿಸಕ್ಕನೆ ನಕ್ಕಳು.

"ಎಂತ ಎದ್ದಿದ್ದು?" ಎಂದು ಭಾಗ್ಯಮ್ಮ ಕೇಳಿದಳು.

"ನಮ್ಮ ಬೆಕ್ಕು. ಇವನು ಸುಳ್ಳು ಹೇಳಿದ್ರೆ ಎದ್ದು ಹೋಗ್ತದೆ" ಎಂದು ಗುಡ್ಡಮ್ಮ ಉಪಕಾರವೆಂಬಂತೆ ವಿವರಿಸಿದಳು.

ಭಾಗ್ಯಮ್ಮ ತಟ್ಟೆ ಕೆಳಗಿಟ್ಟಳು. "ಹಂಗಾದ್ರೆ ಇಷ್ಟೊತ್ತು ಹೇಳಿದ್ರಲ್ಲಿ ಯಾವುದು ನಿಜ? ಹುಡುಗಿ ಬಿ.ಕಾಂ. ಅಂದಿದ್ದೋ?"

"ಅದು ನಿಜ! ಅದಕ್ಕೆ ಅದು ಎದ್ದಿಲ್ಲಲ್ಲ, ನೋಡಿ!" ಎಂದ ಯೋಗೇಶ.

ಇದರಿಂದ ವಿಷಯ ಸರಿಹೋಗಲಿಲ್ಲ. ರೇಣುಕಪ್ಪ ಶಲ್ಯ ಕೊಡವಿ ಎದ್ದರು. ಹುಡುಗ ಸಂತೋಷ ಮಾತ್ರ ಚಪ್ಪಲಿ ಮೆಟ್ಟುವಾಗ ಗೋಡೆಯ ಕಡೆ ತಿರುಗಿ ನಗು ತಡೆಯುತ್ತಿದ್ದ. ಅಂಬಿಕಾ ಅದನ್ನು ನೋಡಿದಳು. ಕೇಸರಿಬಾತು ಹಾಗೆಯೇ ಉಳಿಯಿತು.

ಆ ರಾತ್ರಿ ಮಾಲತಿ ಪಾತ್ರೆ ತಿಕ್ಕಿ ಮುಗಿಸಿ, ಕೈ ಒರೆಸಿಕೊಂಡು, ಗಂಡನ ಎದುರು ನಿಂತು ಹೇಳಿದಳು: "ಇಷ್ಟು ವರ್ಷ ನಿಮ್ಮ ಮಾತಿಗೆ ನಕ್ಕಿದ್ದೇ ನನ್ನ ತಪ್ಪು. ಇನ್ನು ನಿಮ್ಹತ್ರ ನಂದು ಮಾತಿಲ್ಲ. ಏನಿದ್ರೂ ಆ ಬೆಕ್ಕಿನ ಹತ್ರ. ಅದಕ್ಕೆ ನಿಮಗಿಂತ ಮರ್ಯಾದೆ ಇದೆ."

ನಾಲ್ಕು ದಿನದ ಸಿಟ್ಟು ಎಂದುಕೊಂಡ ಯೋಗೇಶ. ನಾಲ್ಕು ದಿನ ಕಳೆಯಿತು, ತಿಂಗಳೂ ಕಳೆಯಿತು.

"ಅಮಲ್ದಾರ, ಊಟಕ್ಕಾಯ್ತು ಅಂತ ಹೇಳು" ಎನ್ನುವಳು ಮಾಲತಿ, ಬೆಕ್ಕನ್ನು ನೋಡಿ.

"ಸಾರು ಎಂತದು ಕೇಳು" ಎನ್ನುವನು ಯೋಗೇಶ, ಅವನೂ ಬೆಕ್ಕನ್ನು ನೋಡಿ.

"ಕಣ್ಣಿದ್ರೆ ಬಂದು ನೋಡ್ಕೊಳ್ಳಲಿ ಅಂತ ಹೇಳು."

"ಉಪ್ಪು ಕಮ್ಮಿ ಆಗಿದೆ ಅಂತ ಹೇಳು."

"ಮಾತಿಗೆ ಹಚ್ಚೋ ಉಪ್ಪುಖಾರ ಸ್ವಲ್ಪ ಸಾರಿಗೆ ಹಾಕ್ಕೊಳ್ಳಲಿ ಅಂತ ಹೇಳು."

ಅಮಲ್ದಾರ ಇಬ್ಬರ ಮುಖವನ್ನೂ ನೋಡಿ ಆಕಳಿಸುವನು.

"ಆ ಬೆಕ್ಕಿಗೆ ಸಂಬಳ ಕೊಡಿ ನೀವಿಬ್ರೂ" ಎಂದು ಅಂಬಿಕಾ ತಟ್ಟೆ ಎತ್ತಿಕೊಂಡು ಅಜ್ಜಿಯ ಮಂಚಕ್ಕೆ ಹೋಗುವಳು. ಗುಡ್ಡಮ್ಮ ಅಲ್ಲೇ ಉಣ್ಣುವವಳು. ಮಾಲತಿ ಎಲ್ಲರದೂ ಆದ ಮೇಲೆ ಒಲೆಯ ಮುಂದೆ. ಹೀಗೆ ಅಡುಗೆಮನೆಯ ನಡುವಿನಲ್ಲಿ ಯೋಗೇಶನ ತಟ್ಟೆ ಒಂದೇ ಉಳಿಯಿತು. ಅಮಲ್ದಾರನ ಬಟ್ಟಲನ್ನು ಅವನು ಮೆಲ್ಲಗೆ ತನ್ನ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡ. ಒಬ್ಬನೇ ಉಣ್ಣಲಾರದ ಬೆಕ್ಕು ಎನ್ನುವುದು ನೆಪ. ಇಬ್ಬರೂ ಉಣ್ಣುತ್ತಿದ್ದರು. ಯೋಗೇಶ ಕೈ ತೊಳೆಯಲು ಏಳುವ ಮೊದಲು ಬೆಕ್ಕಿನದು ಆಯಿತೋ ಎಂದು ನೋಡುವನು.

ಜನವರಿಯ ಹೊತ್ತಿಗೆ ಅಮಲ್ದಾರ ಸ್ವಲ್ಪ ಬದಲಾದ. ಹಾರನ್ನಿಗೆ ಗೇಟಿನ ಕಂಬ ಏರುವುದು ಬಿಟ್ಟ. ಗುಲಾಮ್ ಹುಸೇನ್ ಎರಡು ಸಲ, ಮೂರು ಸಲ ಪೊಂಯ್ ಎನ್ನಿಸಿ, ಬೂತಾಯಿಯನ್ನು ಕಂಬದ ಮೇಲಿಟ್ಟು ಬೇಸರದಿಂದ ಕೇಳುವನು: "ಯೋಗೇಶಣ್ಣ, ಅಮಲ್ದಾರ್ರಿಗೆ ನನ್ನ ಮೇಲೆ ಸಿಟ್ಟಾ? ಎಂತ ತಪ್ಪು ಮಾಡಿದೆ ನಾನು?"

"ವಯಸ್ಸಾಯ್ತಲ್ಲ ಹುಸೇನಣ್ಣ. ಈಗ ಮೀನೇ ಮನೆಗೆ ಬಂದು ಸಲಾಂ ಹೇಳ್ಬೇಕು ಅಂತ ಇರಬಹುದು."

ಅಂಗಡಿಯಲ್ಲಿ ಕುಕ್ಕರ್ ಕೂಗಿದರೂ ಓಡುತ್ತಿರಲಿಲ್ಲ, ಮಿಕ್ಸಿಯ ಮೇಲೆ ಮಲಗಿಯೇ ಇರುತ್ತಿದ್ದ. ತನ್ನ ಮೇಲೆ ಪ್ರೀತಿ ಹೆಚ್ಚಾಯಿತೆಂದು ಯೋಗೇಶ ತಿಳಿದ. ಮನೆಯಲ್ಲಿ ಯಾರಿಗಾದರೂ ಹೆಚ್ಚಾಗಲಿ.

ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಅವನು ಶೃಂಗೇರಿಯ ಸುದ್ದಿ ತೆಗೆದ. ಅಲ್ಲಿಯ ಲಾಡ್ಜೊಂದರ ಗ್ಯಾಸ್ ಒಲೆ ಸರಿ ಮಾಡಲು ಹೋಗಿದ್ದು ನಿಜ. ಹೊಳೆಯ ಮೆಟ್ಟಿಲಲ್ಲಿ ಮೀನಿಗೆ ಪುರಿ ಹಾಕಿದ್ದೂ ನಿಜ. "ಹಾಕ್ತಾ ಇದೀನಿ, ಒಂದು ದೊಡ್ಡ ಮೀನು ಬಂತು. ನನ್ನ ಮುಖ ನೋಡ್ತು. ನೋಡಿ ಒಳಗೆ ಹೋಯ್ತು. ಹೋಗಿ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬಂತು. ಯಾಕೆ ಅಂತೀರಿ? ಹತ್ತು ವರ್ಷದ ಹಿಂದೆ ನಾನು ಪುರಿ ಹಾಕಿದ್ದ ಮರಿ ಅದು! ಗುರುತು ಹಿಡಿದು ಸಂಸಾರಕ್ಕೆ ತೋರಿಸ್ತು."

ಇಷ್ಟು ಹೇಳಿ ಅಭ್ಯಾಸದಂತೆ ಪಕ್ಕಕ್ಕೆ ನೋಡಿದ. ಅಮಲ್ದಾರ ಎದ್ದಿರಲಿಲ್ಲ.

ಒಳಗೆ ಗುಡ್ಡಮ್ಮ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ಎದ್ನೇನೇ?"

"ಇಲ್ಲ ಅಜ್ಜಿ" ಎಂದಳು ಅಂಬಿಕಾ, ಬಾಗಿಲಿಂದ ಇಣುಕಿ.

"ಸರಿ ನೋಡು."

"ಕೂತಿದಾನೆ. ಕೇಳ್ತಾ ಇದಾನೆ."

"ಹಂಗಾದ್ರೆ ನಿಜ ಕಾಣ್ತದೆ" ಎಂದಳು ಗುಡ್ಡಮ್ಮ, ಸಣ್ಣ ದನಿಯಲ್ಲಿ. "ಮೀನಿಗೂ ನೆನಪಿರ್ತದೆ. ಮನುಷ್ಯರಿಗೇ ಇರೂದಿಲ್ಲ."

ಮರುದಿನ ಯೋಗೇಶ ಒಂದು ಸಣ್ಣ ಸುಳ್ಳು ಹೇಳಿ ಪರೀಕ್ಷೆ ಮಾಡಿದ. ಅಮಲ್ದಾರ ಏಳಲಿಲ್ಲ. ಆ ಮರುದಿನ ದೊಡ್ಡದು: ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಮಗಳೂರಿನ ಬಸ್ಸು ತನ್ನ ಒಂದು ಸ್ಪ್ಯಾನರಿನಿಂದ ಸ್ಟಾರ್ಟ್ ಆಗಿ, ಡ್ರೈವರು ತಾನೇ ಇಳಿದು "ನೀವೇ ಓಡಿಸಿ" ಎಂದದ್ದು. ಏಳಲಿಲ್ಲ. ಯೋಗೇಶನ ಸೊಂಟ ನೆಟ್ಟಗಾಯಿತು. ಗುಡ್ಡಮ್ಮ ಈಗ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಮಾಲತಿಯೂ ಒಗ್ಗರಣೆಯ ಸದ್ದು ಕಡಿಮೆ ಮಾಡುತ್ತಿದ್ದಳು.

ಒಂದು ದಿನ ಮಾಲತಿ ಜಗಲಿ ಗುಡಿಸುತ್ತಾ ಕೇಳಿದಳು: "ಅಮಲ್ದಾರ, ಒಂದು ವಿಷಯ ಕೇಳು. ನರಸಿಂಹರಾಜಪುರಕ್ಕೆ ಹೋಗಿ ಆ ಜನರ ಹತ್ರ ತಪ್ಪಾಯ್ತು ಅಂತ ಒಂದು ಮಾತು ಹೇಳಿ ಬರಕ್ಕೆ ಯಾರಿಗಾದ್ರೂ ಧೈರ್ಯ ಇದ್ಯಾ ಕೇಳು. ಕೂಸು ಬಾಯಿ ಬಿಟ್ಟು ಹೇಳೂದಿಲ್ಲ. ಆದ್ರೆ ಆವತ್ತು ಉಟ್ಟ ಸೀರೆಯನ್ನ ಇನ್ನೂ ಮಡಚಿ ಒಳಗಿಟ್ಟಿಲ್ಲ."

ಯೋಗೇಶ ಆ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ನರಸಿಂಹರಾಜಪುರಕ್ಕೆ ಹೋದದ್ದು ನಿಜ. ಬಸ್ ಇಳಿದದ್ದೂ ನಿಜ. ಅಲ್ಲಿಂದ ರೇಣುಕಪ್ಪನ ಗಿರಣಿಗೆ ನಡೆದರೆ ಒಂದು ಬೀಡಿ ಸೇದುವಷ್ಟು ದೂರ. ಹೋಟೆಲಿಗೆ ನುಗ್ಗಿ ಗೋಳಿಬಜೆ ತಿಂದ. ಟೀ ಕುಡಿದ. ಭಾಗ್ಯಮ್ಮನ ಮುಖ ನೆನಪಾಯಿತು. ಇನ್ನೊಂದು ಟೀ ಕುಡಿದ. ಕೊಪ್ಪದ ಬಸ್ಸು ಬಂದು ನಿಂತಿತು. ಹತ್ತಿದ.

ಸಂಜೆ ಮೆಟ್ಟಿಲ ಮೇಲೆ ಕೂತಾಗ ಮನೆಯ ಮೂರೂ ಹೆಂಗಸರು ಬಾಗಿಲಲ್ಲಿದ್ದರು. ಮೂರೂ ಜನರ ಕಣ್ಣು ಅವನ ಮೇಲಲ್ಲ, ಗೋಣಿಯ ಮೇಲೆ.

"ಹೋದೆ" ಎಂದ ಯೋಗೇಶ. "ಗಿರಣಿ ಬಾಗಿಲಲ್ಲೇ ರೇಣುಕಪ್ಪನೋರು ಸಿಕ್ಕಿದ್ರು. ತಪ್ಪಾಯ್ತು ಅಂದೆ. ಅಯ್ಯೋ ಬಿಡಿ, ಹಳೇದೆಲ್ಲ ಯಾಕೆ, ಅಂತ ಕೈ ಹಿಡಿದು ಕೂರಿಸಿದ್ರು. ಭಾಗ್ಯಮ್ಮನೋರು ಕಾಫಿ ಕೊಟ್ರು. ಯುಗಾದಿ ಕಳೀಲಿ, ನಾವೇ ಮಾತಾಡಕ್ಕೆ ಬರ್ತೀವಿ ಅಂದ್ರು."

ಅಮಲ್ದಾರ ಬಾಲದ ತುದಿ ಒಮ್ಮೆ ಅಲುಗಿಸಿ, ಗೋಣಿಯ ಮೇಲೆ ಇನ್ನೂ ಚೆನ್ನಾಗಿ ಮುದುಡಿಕೊಂಡ.

"ಎದ್ದಿಲ್ಲ" ಎಂದಳು ಗುಡ್ಡಮ್ಮ.

ಅಂಬಿಕಾ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕಪಾಟಿನ ಬಾಗಿಲು ತೆರೆದ ಸದ್ದಾಯಿತು.

ಆ ರಾತ್ರಿ ಮಾಲತಿ ಅಕ್ಕಿ ರೊಟ್ಟಿ ತಟ್ಟಿದಳು. ಜೊತೆಗೆ ಕೆಸುವಿನ ದಂಟಿನ ಗೊಜ್ಜು. ಯೋಗೇಶ ಮೂರನೆಯ ರೊಟ್ಟಿ ಮುಗಿಸುವಾಗ ಅವಳು ಬೆಕ್ಕನ್ನು ನೋಡಲಿಲ್ಲ.

"ಇನ್ನೊಂದು ಹಾಕ್ಲಾ?"

ಅವನಿಗೆ ಒಂದು ಕ್ಷಣ ಯಾರನ್ನು ಕೇಳಿದಳೆಂದು ತಿಳಿಯಲಿಲ್ಲ. ಹಿಂದೆ ತಿರುಗಿ ನೋಡಿದ.

"ನಿಮ್ಮನ್ನೇ ಕೇಳಿದ್ದು. ಹಾಕ್ಲಾ?"

"ಹಾಕು" ಎಂದ. ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಅದರ ಮುಂದಿನ ಎರಡು ವಾರ ಅವನ ಮನೆ ಮನೆಯಂತಿತ್ತು. ಮಾಲತಿ "ರೀ, ತೆಂಗಿನಕಾಯಿ ಒಡೆದು ಕೊಡಿ" ಎಂದಳು, ಒಡೆದ. "ರೀ, ಆ ಗೋಡೆಗೆ ಸುಣ್ಣ ಹೊಡೀಬೇಕು, ಅವರು ಬರೋದ್ರೊಳಗೆ" ಎಂದಳು; ಹೊಡೆದ. ಗೋಡೆ ಬೆಳ್ಳಗಾದಷ್ಟೂ ಅವನ ಊಟ ಕಡಿಮೆಯಾಯಿತು. ತಂಗಿಗೆ ಫೋನ್ ಮಾಡಿ ಮಾಲತಿ "ಹೂಂ ಕಣೇ, ಯುಗಾದಿ ಕಳೀಲಿ ಅಂದಿದಾರೆ" ಎಂದು ನಗುವುದು ಕೇಳಿಸಿದಾಗ ಅಂಗಡಿಗೆ ಹೋಗಿ ಸುಮ್ಮಸುಮ್ಮನೆ ಒಂದು ಮಿಕ್ಸಿ ಓಡಿಸುತ್ತಿದ್ದ. ಆ ಗಲಾಟೆಯಲ್ಲಿ ಅಮಲ್ದಾರ ಪಕ್ಕದಲ್ಲೇ ನಿದ್ದೆ ಹೊಡೆಯುತ್ತಿದ್ದ. ಅದು ವಿಚಿತ್ರ ಎಂದು ಅವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹೊಳೆದದ್ದು ಗುಲಾಮ್ ಹುಸೇನನಿಗೆ. ಒಂದು ಬೆಳಿಗ್ಗೆ ಅವನು ಮೊಪೆಡ್ ನಿಲ್ಲಿಸಿದಾಗ ಅಮಲ್ದಾರ ಗೇಟಿನ ಒಳಗೆ, ಬಿಸಿಲಿನ ಕಡೆ ಮುಖ ಮಾಡಿ ಕೂತಿದ್ದ. ಮಾಲತಿ ಪಾತ್ರೆ ಹಿಡಿದು ಮೀನಿಗೆ ಬಂದಿದ್ದಳು. ಯೋಗೇಶ ಶಟರ್ ಎತ್ತುತ್ತಿದ್ದ.

"ಇವತ್ತು ರಾಜಿ ಮಾಡ್ಕೊಂಡೇ ಹೋಗೂದು" ಎಂದು ಹುಸೇನ್ ಹಾರನ್ ಬಿಚ್ಚಿ ಕೈಯಲ್ಲಿ ಹಿಡಿದು, ಬೆಕ್ಕಿನ ಬೆನ್ನ ಹಿಂದೆಯೇ ಬಗ್ಗಿ, "ಪೊಂಯ್!" ಎನ್ನಿಸಿದ.

ಗೋಡೆಯ ಮೇಲಿನ ಕಾಗೆ ಹಾರಿತು. ಮಾಲತಿಯ ಕೈಯ ಪಾತ್ರೆ ಜಾರಿತು. ಅಮಲ್ದಾರ ಕಾಲು ನೆಕ್ಕುತ್ತಲೇ ಇದ್ದ.

ಇನ್ನೊಮ್ಮೆ ಪೊಂಯ್. ಅರ್ಧ ಕಿವಿಯೂ ಅಲುಗಲಿಲ್ಲ, ಪೂರ್ತಿ ಕಿವಿಯೂ ಅಲುಗಲಿಲ್ಲ. ಗಾಳಿಗೆ ಮೀನಿನ ವಾಸನೆ ಬಂದ ಮೇಲೆ ತಿರುಗಿ ನೋಡಿ, ಹುಸೇನನನ್ನು ಕಂಡು, ಬಾಯಿ ತೆರೆದು ಸಂತೋಷದಿಂದ ಮಿಯಾಂವ್ ಎಂದ. ತನ್ನ ದನಿ ತನಗೇ ಕೇಳದವರು ಕೂಗುವಷ್ಟು ಗಟ್ಟಿಯಾಗಿ.

"ಸಿಟ್ಟಲ್ಲ ಯೋಗೇಶಣ್ಣ" ಎಂದ ಹುಸೇನ್. ಅವನ ಮುಖ ಸಣ್ಣದಾಗಿತ್ತು. "ಪಾಪ, ಕಿವಿ ಹೋಗಿದೆ. ಸುಮಾರು ದಿನ ಆಗಿರಬೇಕು. ನಾನು ಸಲಾಂ ಹೇಳಿದ್ದೂ ಕೇಳ್ತಿರಲಿಲ್ಲ ಅಲ್ವಾ?"

ಮಾಲತಿ ಪಾತ್ರೆ ಎತ್ತಿಕೊಳ್ಳಲಿಲ್ಲ. ಅವಳು ಬೆಕ್ಕನ್ನು ನೋಡಿದಳು. ಆಮೇಲೆ ಹೊಸದಾಗಿ ಸುಣ್ಣ ಹೊಡೆದ ಗೋಡೆ ನೋಡಿದಳು. ಕೊನೆಗೆ ಗಂಡನನ್ನು.

"ಕಾಫಿ ಕೊಟ್ರಾ ಭಾಗ್ಯಮ್ಮ?" ಎಂದು ಕೇಳಿದಳು.

ಯೋಗೇಶ ಅರ್ಧ ಎತ್ತಿದ ಶಟರನ್ನು ಹಿಡಿದುಕೊಂಡೇ ನಿಂತಿದ್ದ. ಜೀವನದಲ್ಲಿ ಮೊದಲ ಸಲ ಅವನಿಗೆ ಒಂದು ಸುಳ್ಳೂ ಸಿಗಲಿಲ್ಲ.

ಮೀನು ಕೊಳ್ಳದೆ ಅವಳು ಒಳಗೆ ಹೋದಳು.

ಸಂಜೆ ವಿಷಯ ತಿಳಿದು ಅಂಬಿಕಾ ಹೇಳಿದ್ದು ಇಷ್ಟೇ: "ಸುಳ್ಳು ಶುರು ಮಾಡುವಾಗ ಅಪ್ಪನ ದನಿ ಜೋರಾಗ್ತದೆ. ಅದಕ್ಕೇ ಏಳ್ತಿತ್ತು ಪಾಪ. ಅದಕ್ಕೆ ಎಂತ ಸುಳ್ಳು, ಎಂತ ನಿಜ." ಹೇಳಿ, ಬೆಕ್ಕನ್ನು ಎತ್ತಿಕೊಂಡು ಅದರ ಕಿವಿಯ ಹತ್ತಿರ ಮುಖವಿಟ್ಟು ತುಂಬಾ ಹೊತ್ತು ಕೂತಳು.

"ಅದು ಸುಳ್ಳು ಹಿಡೀತಿತ್ತು" ಎಂದಳು ಗುಡ್ಡಮ್ಮ. "ನೀವು ಏನೇ ಹೇಳಿ."

ಊಟದ ಹೊತ್ತಿಗೆ ಯೋಗೇಶ ಅಡುಗೆಮನೆಗೆ ಬಂದು ಕಾದ. "ಅಮಲ್ದಾರ, ಊಟಕ್ಕಾಯ್ತು ಅಂತ ಹೇಳು" ಎನ್ನುವ ಮಾತು ಬರಲಿಲ್ಲ. ತಾನೇ ಶುರು ಮಾಡಿದ:

"ಅಮಲ್ದಾರ, ಸಾರು ಎಂತದು ಕೇಳು."

ಮಾಲತಿ ತಟ್ಟೆಗೆ ಬಡಿಸಿ ನೆಲದ ಮೇಲಿಟ್ಟು, ಬೆಕ್ಕಿನ ಬಟ್ಟಲನ್ನೂ ಅದರ ಪಕ್ಕಕ್ಕೆ ತಳ್ಳಿ, ಅತ್ತೆಯ ಮಂಚದ ಕಡೆ ತಿರುಗಿ ಹೇಳಿದಳು: "ಕಿವಿ ಕೇಳದ ಪ್ರಾಣಿ ಹತ್ರ ಎಂತ ಮಾತಾಡೂದು ಅತ್ತೆ? ಅದಕ್ಕೂ ತೊಂದ್ರೆ."

ಹೀಗೆ ಆ ದಾರಿಯೂ ಮುಚ್ಚಿತು. ಮಾಲತಿ ಬೆಳಿಗ್ಗೆ ಅನ್ನ ಮುಚ್ಚಿಟ್ಟು ಶಾಲೆಗೆ ಹೋಗುವಳು. ರಾತ್ರಿ ಬಡಿಸಿ ಎದ್ದು ಹೋಗುವಳು. ಯೋಗೇಶ ಅಂಗಡಿಯಲ್ಲಿ ಕಥೆ ತೆಗೆದರೆ ಕಾಯುವವರು ಫೋನಿನಲ್ಲಿ. ಮೆಟ್ಟಿಲ ಮೇಲೆ ತೆಗೆದರೆ ಅಮಲ್ದಾರ ಕಣ್ಣು ಅರ್ಧ ಮುಚ್ಚಿ ಕೂತಿರುತ್ತಿದ್ದ. ಯಾವ ಸುಳ್ಳಿಗೂ ಏಳುತ್ತಿರಲಿಲ್ಲ. ಜೇನುಗೂಡು ಹೇಳಿದ, ಮೀನಿನ ಸಂಸಾರ ಹೇಳಿದ. ಏಳದ ಬೆಕ್ಕಿಗೆ ಸುಳ್ಳು ಹೇಳುವುದು ಎಷ್ಟು ಕಷ್ಟ ಎಂದು ಅವನಿಗೆ ಆಗ ತಿಳಿಯಿತು. ಒಂದು ಸಂಜೆ ಬಾಯಿಗೆ ಬಂದ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ. ಬೆಕ್ಕಿಗೆ ಅದೂ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ಅವನು ಯಾರಿಗೂ ಹೇಳದೆ ನರಸಿಂಹರಾಜಪುರದ ಬಸ್ಸು ಹತ್ತಿದ. ಈ ಸಲ ಹೋಟೆಲಿನ ಎದುರು ನಿಲ್ಲಲಿಲ್ಲ. ಗಿರಣಿಗೆ ರಜೆ, ರೇಣುಕಪ್ಪ ಮನೆಯಲ್ಲೇ ಇದ್ದರು. ಬಾಗಿಲಲ್ಲಿ ಅವನನ್ನು ಕಂಡು ಭಾಗ್ಯಮ್ಮ "ಬೆಕ್ಕು ತಂದಿಲ್ವಾ?" ಎಂದಳು. ನಗಲಿಲ್ಲ. ಆದರೆ ಒಳಗೆ ಕರೆದಳು.

ಯೋಗೇಶ ತಪ್ಪಾಯಿತೆಂದ. ಅಷ್ಟು ಸಣ್ಣ ಮಾತನ್ನು ಅವನು ಎಂದೂ ಆಡಿದವನಲ್ಲ. ಮುಂದೆ ಏನು ಮಾಡುವುದೆಂದು ತಿಳಿಯದೆ, ಜಗಲಿಯ ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಮಿಕ್ಸಿ ಕಂಡು, ಜೇಬಿನ ಸ್ಕ್ರೂಡ್ರೈವರ್ ತೆಗೆದು ಅದನ್ನು ಬಿಚ್ಚಿದ. ಒಳಗೆ ಜೇನುಗೂಡೇನೂ ಇರಲಿಲ್ಲ. ಒಂದು ವೈರ್ ಕಿತ್ತುಬಂದಿತ್ತು, ಸೇರಿಸಿದ.

ಭಾಗ್ಯಮ್ಮ ಮಿಕ್ಸಿ ತಿರುಗಿಸಿ ನೋಡಿದಳು. ಕಾಫಿ ತಂದಿಟ್ಟಳು. ರೇಣುಕಪ್ಪ ಗಂಟಲು ಸರಿಮಾಡಿಕೊಂಡರು.

"ನೀವು ಬರ್ತೀರಿ ಅಂತ ಸುಮಾರು ದಿನ ನೋಡಿದ್ವಿ. ನಮ್ಮ ಹುಡುಗ ಹಠ ಹಿಡಿದಿದ್ದ. ಆ ಮನೇಲಿ ನಗ್ತಾರೆ, ನಂಗೆ ಅಲ್ಲೇ ಆಗ್ಬೇಕು ಅಂತ. ನೀವು ಬರ್ಲೇ ಇಲ್ಲ. ಹೋದ ಗುರುವಾರ ಶೃಂಗೇರಿ ಕಡೆ ಒಂದು ಹುಡುಗಿಗೆ ಮಾತು ಕೊಟ್ಟಾಯ್ತು."

"ಹೋದ ವಾರ ಬಂದಿದ್ರೂ ಆಗ್ತಿತ್ತು" ಎಂದಳು ಭಾಗ್ಯಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಯೋಗೇಶನಿಗೆ ಹಗುರಾಗುತ್ತಿತ್ತು.

ಗೇಟಿನ ತನಕ ಸಂತೋಷ ಬಂದ. ಗೇಟಿನ ಚಿಲಕ ತೆಗೆಯುತ್ತಾ ಕೇಳಿದ: "ಬೆಕ್ಕು ಹೆಂಗಿದೆ?"

"ಕಿವಿ ಕೇಳಲ್ಲ ಈಗ" ಎಂದ ಯೋಗೇಶ.

ಆ ಸಂಜೆ ಅವನು ಅಂಗಿಯನ್ನೂ ತೆಗೆಯದೆ ಹಿತ್ತಲ ಮೆಟ್ಟಿಲ ಮೇಲೆ ಕೂತ. ಅಮಲ್ದಾರ ಗೋಣಿಯ ಮೇಲೆ ಮಲಗಿದ್ದ. ಒಳಗೆ ಅಂಬಿಕಾ ಅಜ್ಜಿಯ ಕ್ಷೀಣವಾಗುತ್ತಿದ್ದ ಕಣ್ಣಿಗೆ ಔಷಧಿ ಹಾಕುತ್ತಿದ್ದಳು. ಮಾಲತಿ ಹುರುಳಿಕಾಳಿನ ಮೊರ ತೊಡೆಯ ಮೇಲಿಟ್ಟುಕೊಂಡು ಬಂದು, ಬೆಳಕಿಗಾಗಿಯೋ ಏನೋ, ಬೆಕ್ಕಿನ ಆಚೆ ಬದಿಯಲ್ಲಿ ಮೆಟ್ಟಿಲ ಮೇಲೆ ಕೂತು ಕಲ್ಲು ಆರಿಸತೊಡಗಿದಳು. ಗಂಡನ ಕಡೆ ನೋಡಲಿಲ್ಲ.

ಯೋಗೇಶ ಮುಂದೆ ನೋಡಿಕೊಂಡೇ ಹೇಳಿದ.

"ನರಸಿಂಹರಾಜಪುರಕ್ಕೆ ಹೋಗಿದ್ದೆ. ಈ ಸಲ ಅವರ ಮನೆ ತನಕ ಹೋದೆ."

ಮಾಲತಿಯ ಬೆರಳು ಕಾಳಿನಲ್ಲಿ ಆಡುತ್ತಿತ್ತು.

"ಹುಡುಗನಿಗೆ ಬೇರೆ ಕಡೆ ಆಯ್ತಂತೆ. ಹೋದ ಗುರುವಾರ. ಅವನಿಗೆ ನಮ್ಮ ಅಂಬೀನೇ ಬೇಕಿತ್ತಂತೆ. ಹೋದ ವಾರ ಬಂದಿದ್ರೂ ಆಗ್ತಿತ್ತು ಅಂದ್ರು ಭಾಗ್ಯಮ್ಮ."

ಬೆರಳು ನಿಂತಿತು. ಅವಳು ಎದ್ದು ಹೋಗಲಿಲ್ಲ. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

"ಕಾಫಿ ಕೊಟ್ರು" ಎಂದ. "ಇವತ್ತು ನಿಜವಾಗ್ಲೂ ಕೊಟ್ರು. ಮಿಕ್ಸಿ ಒಂದು ಸರಿ ಮಾಡಿಕೊಟ್ಟೆ. ಸಣ್ಣ ಕೆಲಸ. ಒಂದು ವೈರು."

ಮಾಲತಿ ಕೂತೇ ಇದ್ದಳು. ಒಳಗೆ ಗುಡ್ಡಮ್ಮ "ಎದ್ನೇನೇ?" ಎಂದು ಕೇಳಿದಳು, ಅಂಬಿಕಾ ಔಷಧಿ ಬಾಟಲಿಯ ಮುಚ್ಚಳ ತಿರುಗಿಸಿದಳು. ರಸ್ತೆಯಲ್ಲಿ ಕೊಪ್ಪದ ಕಡೆಯ ಬಸ್ಸೊಂದು ಹೋಯಿತು. ಹೆಂಡತಿ ಇಷ್ಟು ಹತ್ತಿರ ಕೂತು ಎಷ್ಟು ದಿನವಾಗಿತ್ತೆಂದು ಲೆಕ್ಕ ಹಾಕಲು ಯೋಗೇಶನಿಗೆ ಧೈರ್ಯ ಬರಲಿಲ್ಲ. ಹೇಳಲು ನಿಜವಾದದ್ದು ಇನ್ನೇನಾದರೂ ಉಳಿದಿದೆಯೋ ಎಂದು ಹುಡುಕಿದ. ಸಿಗಲಿಲ್ಲ. ಆದರೂ ಅವಳು ಏಳಬಾರದು. ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ದನಿ ತುಸು ಜೋರಾಯಿತು.

"ನೀನು ಮಾತಾಡ್ದೆ ಇದ್ರೂ ನಂಗೆ ಎಂತ ಬೇಜಾರಿಲ್ಲ ಮಾರಾಯ್ತಿ. ಅಭ್ಯಾಸ ಆಗೋಗಿದೆ. ಅಂಗಡಿ ಮುಚ್ತೀನಿ, ಬರ್ತೀನಿ, ಒಬ್ನೇ ಕೂತು ಉಣ್ತೀನಿ, ಒಬ್ನೇ ಮಲಗ್ತೀನಿ, ಹಾಯಾಗಿ ನಿದ್ದೆ ಬರ್ತದೆ, ಒಂದು ದಿನಾನೂ ನಿನ್ನ ನೆನಪು..."

ಮಾಲತಿ ಮೊರ ಎತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಹಿಂದೆ ತಿರುಗಿ ನೋಡದೆ ಎದ್ದು ಒಳಗೆ ಹೋದಳು.